ಕಮಾನಿಗೆ ಹಚ್ಚುವ ರಾಳ

(ಅಂಬ್ಲಿಗೊಳದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಮ್ಮುಖದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹೊಸದಾಗಿ ಕೂದಲು ಕಟ್ಟಿಸಿ ತಂದ ಪಿಟೀಲಿನ ಕಮಾನನ್ನು ಹಾಗೆಯೇ ತಂತಿಯ ಮೇಲೆ ಎಳೆದರೆ ಏನೂ ಕೇಳಿಸುವುದಿಲ್ಲ. ತಂತಿ ಸರಿಯಾಗಿದೆ, ಶ್ರುತಿ ಸರಿಯಾಗಿದೆ, ಎಳೆಯುವುದೂ ಪಳಗಿದ ಕೈಯೇ. ಆದರೂ ಎಣ್ಣೆ ಸವರಿದ ಗಾಜಿನ ಮೇಲೆ ಬೆರಳು ಜಾರುವಂತೆ ಕಮಾನು ಜಾರಿಹೋಗುತ್ತದೆ. ಅದೇ ಕೂದಲಿಗೆ ಜೇನುಬಣ್ಣದ ಬಿಲ್ಲೆಯೊಂದನ್ನು ಹತ್ತಿಪ್ಪತ್ತು ಸಲ ಉಜ್ಜಿ ಮತ್ತೆ ಎಳೆದರೆ ಪಿಟೀಲು ನುಡಿಯತೊಡಗುತ್ತದೆ. ಆ ಬಿಲ್ಲೆಯೇ ರಾಳ; ಅಂಗಡಿಯವರ ಮಾತಿನಲ್ಲಿ ರೋಸಿನ್. ಮರವೊಂದು ತನಗಾದ ಗಾಯವನ್ನು ಮುಚ್ಚಿಕೊಳ್ಳಲು ಸುರಿಸಿದ ರಸವನ್ನು ಕಾಯಿಸಿ, ಸೋಸಿ, ಎರಕ ಹೊಯ್ದರೆ ಅದು ಸಿದ್ಧವಾಗುತ್ತದೆ.

ಅಂಬ್ಲಿಗೊಳ ಜಲಾಶಯದ ಸುತ್ತಲಿನ ಊರುಗಳು ಶಿಕಾರಿಪುರದ ಬಯಲಿಗೂ ಸೊರಬದ ಕಾಡಿಗೂ ನಡುವಿನವು. ಇಲ್ಲಿ ಪಿಟೀಲು ಕಲಿಯುವ ಮಗುವಿಗೆ ರಾಳದ ಬಿಲ್ಲೆ ಬೇಕೆಂದರೆ ದೂರದ ಪೇಟೆಗೆ ಹೋಗಬೇಕು. ಆಗ ಮನೆಯ ಹಿರಿಯರು ಕೇಳುವ ಪ್ರಶ್ನೆ ಸಹಜವಾದುದೇ: ಘಟ್ಟದ ಕಾಡಿನಲ್ಲಿ ಧೂಪದ ಮರವಿದೆ, ದೇವರ ಮುಂದೆ ಹಾಕುವ ರಾಳವೂ ಮನೆಯಲ್ಲಿದೆ, ಅದನ್ನೇ ಏಕೆ ಉಜ್ಜಬಾರದು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಒಂದೆಡೆ ಕಮಾನು ಕೆಡುತ್ತದೆ, ಇನ್ನೊಂದೆಡೆ ಮರದ ತೊಗಟೆಗೆ ಕತ್ತಿ ಬೀಳುತ್ತದೆ. ಆದ್ದರಿಂದ ಕಮಾನು ಮತ್ತು ತಂತಿಯ ನಡುವೆ ರಾಳ ಮಾಡುವ ಕೆಲಸವೇನು ಎಂಬಲ್ಲಿಂದಲೇ ಆರಂಭಿಸುವುದು ಲೇಸು.

ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು. ಒಂದು ಕಮಾನಿಗೆ ಸುಮಾರು 150ರಿಂದ 200 ಎಳೆಗಳು. (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡನ್ನೂ ಸಂಗೀತಗಾರರು ‘ಕುದುರೆ’ ಎನ್ನುತ್ತಾರೆ, ಅದಕ್ಕೂ ಈ ಕೂದಲಿಗೂ ನಂಟಿಲ್ಲ.) ಕೂದಲಿನ ಮೇಲ್ಮೈಯ ಸೂಕ್ಷ್ಮ ಹುರುಪೆಗಳು ತಂತಿಯನ್ನು ಕೆರೆದು ನಾದ ಹೊರಡಿಸುತ್ತವೆ ಎಂಬ ನಂಬಿಕೆ ಬಹುಕಾಲದಿಂದ ಇದೆ. ಅದು ನಿಜವಾಗಿದ್ದರೆ ರಾಳವಿಲ್ಲದ ಕಮಾನೂ ನುಡಿಯಬೇಕಿತ್ತು. ವಾಸ್ತವದಲ್ಲಿ ತಂತಿಯನ್ನು ಹಿಡಿಯುವುದು ಕೂದಲನ್ನು ಆವರಿಸಿದ ರಾಳದ ತೆಳುಪದರ. ಕಮಾನು ಚಲಿಸಿದಾಗ ಆ ಪದರ ತಂತಿಯನ್ನು ಅಂಟಿಸಿಕೊಂಡು ತನ್ನೊಡನೆ ಸ್ವಲ್ಪ ದೂರ ಎಳೆದೊಯ್ಯುತ್ತದೆ. ಸೆಳೆತ ಮಿತಿಮೀರಿದೊಡನೆ ತಂತಿ ಕಳಚಿಕೊಂಡು ಹಿಂದಕ್ಕೆ ಜಾರುತ್ತದೆ. ಮರುಕ್ಷಣ ಮತ್ತೆ ಅಂಟುತ್ತದೆ. ಸೆಕೆಂಡಿಗೆ 200 ಸಲ ಕಂಪಿಸುವ ತಂತಿಯನ್ನು ಕಮಾನು ಅಷ್ಟೇ ಸಲ ಹಿಡಿದು, ಅಷ್ಟೇ ಸಲ ಬಿಡುತ್ತದೆ. ಕಿವಿಗೆ ಅಖಂಡವಾಗಿ ಕೇಳುವ ಸ್ವರ ಈ ಹಿಡಿತ–ಬಿಡುಗಡೆಗಳ ಸರಪಳಿ.

ತಂತಿಯ ಈ ನಡೆಯನ್ನು 19ನೆಯ ಶತಮಾನದಲ್ಲಿ ಮೊದಲು ಗುರುತಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಅದನ್ನು ಗಣಿತದ ನೆಲೆಯಲ್ಲಿ ವಿಸ್ತರಿಸಿದವರು ಸಿ.ವಿ. ರಾಮನ್. ಬೆಳಕಿನ ಅಧ್ಯಯನಕ್ಕಾಗಿ 1930ರಲ್ಲಿ ನೊಬೆಲ್ ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದ ರಾಮನ್ ಅವರನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮುಂಚೆ ಕೊಲ್ಕತ್ತದಲ್ಲಿದ್ದಾಗ ಅವರು ಕಮಾನಿನಿಂದ ನುಡಿಸುವ ತಂತಿಗಳ ಕಂಪನದ ಬಗ್ಗೆ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದ್ದರು, ಯಂತ್ರದಿಂದ ಪಿಟೀಲು ನುಡಿಸಿ ಪ್ರಯೋಗ ನಡೆಸಿದ್ದರು ಎಂಬುದು ಶಾಲೆಯ ಪಾಠಗಳಲ್ಲಿ ಬರುವುದು ವಿರಳ. ರಾಳದ ಗುಟ್ಟು ಬಯಲಾದದ್ದು ಇನ್ನೂ ಈಚೆಗೆ. ತಂತಿ ಜಾರುವ ಕ್ಷಣದಲ್ಲಿ ಘರ್ಷಣೆಯಿಂದ ರಾಳದ ಪದರ ಬಿಸಿಯೇರಿ ಮೆದುವಾಗುತ್ತದೆ, ಅಂಟಿಕೊಂಡ ಕ್ಷಣದಲ್ಲಿ ತಣಿದು ಬಿಗಿಯಾಗುತ್ತದೆ ಎಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ವಿವರವಾಗಿ ತೋರಿಸಿದರು. ಕೈಯಲ್ಲಿ ಗಾಜಿನಂತೆ ಗಟ್ಟಿಯಾಗಿದ್ದು, ಅಲ್ಪ ಶಾಖಕ್ಕೇ ಮೆದುವಾಗಿ, ಕ್ಷಣದಲ್ಲಿ ಮತ್ತೆ ಗಟ್ಟಿಯಾಗುವ ವಸ್ತು ಕಮಾನಿಗೆ ಬೇಕು. ಮುಂದಿನ ಮಾತೆಲ್ಲವೂ ಈ ಒಂದು ಗುಣವನ್ನು ಅವಲಂಬಿಸಿದೆ.

ಈಗ ಧೂಪದ ಪ್ರಶ್ನೆಗೆ ಬರಬಹುದು. ಕನ್ನಡದಲ್ಲಿ ‘ರಾಳ’ ಎಂಬ ಒಂದೇ ಹೆಸರು ಹಲವು ಮರಗಳ ರಸಕ್ಕೆ ಸಲ್ಲುತ್ತಿರುವುದು ಗೊಂದಲದ ಮೂಲ. ಗ್ರಂಥಿಗೆ ಅಂಗಡಿಯಲ್ಲಿ ರಾಳ ಕೇಳಿದರೆ ಉತ್ತರ ಭಾರತದ ಸಾಲವೃಕ್ಷದ ರಾಳ ಸಿಗಬಹುದು, ಬಿಳಿ ಧೂಪ ಸಿಗಬಹುದು, ಹಿಮಾಲಯದ ಪೈನ್ ರಾಳವೂ ಸಿಗಬಹುದು. ಇವುಗಳ ಜೊತೆಗೆ ಜಾಲಿಯ ಗೋಂದು ಮತ್ತು ಅರಗು ಸೇರಿಕೊಂಡು ವಿದ್ಯಾರ್ಥಿಗಳ ತಲೆಯಲ್ಲಿ ಎಲ್ಲವೂ ಒಂದಾಗಿಬಿಡುತ್ತವೆ. ಪರೀಕ್ಷೆ ಸುಲಭ. ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಗೋಂದು ಉಬ್ಬಿ ಕರಗುತ್ತದೆ. ರಾಳ ಹಾಕಿದ ಹಾಗೆಯೇ ಇರುತ್ತದೆ. ಕೆಂಡದ ಮೇಲಿಟ್ಟರೆ ಗೋಂದು ಕರಿಕಾಗುತ್ತದೆ; ರಾಳ ಕರಗಿ, ಕುದಿದು, ಪರಿಮಳದ ಹೊಗೆಯೊಡನೆ ಉರಿಯುತ್ತದೆ. ಅರಗು ಮರದ ರಸವೇ ಅಲ್ಲ, ಕೀಟವೊಂದರ ಸ್ರಾವ.

ಪಶ್ಚಿಮ ಘಟ್ಟದ ರಾಳಗಳಲ್ಲಿ ಮುಖ್ಯವಾದವು ಮೂರು. ಸಾಲುಧೂಪ ಅಥವಾ ಬಿಳಿ ಧೂಪದ ಮರ ಪಶ್ಚಿಮ ಘಟ್ಟದ ಹೊರತು ಲೋಕದಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ರಾಳಧೂಪ ಅಥವಾ ಕರಿಧೂಪ ನಿತ್ಯಹರಿದ್ವರ್ಣ ಕಾಡಿನ ಎತ್ತರದ ಮರ. ಹಾಲುಮಡ್ಡಿ ಊದುಬತ್ತಿ ಉದ್ಯಮಕ್ಕೆ ಬೇಕಾದುದು. ಮೊದಲೆರಡರ ರಾಳ ಮೆರುಗೆಣ್ಣೆಗೆ ಒಗ್ಗುವಂಥದು; ಒಣಗಿದ ಮೇಲೆ ಗಟ್ಟಿಯಾದ, ಹೊಳೆಯುವ, ಅಂಟದ ಪೊರೆ ಉಳಿಯಲಿ ಎಂಬುದೇ ಅಲ್ಲಿನ ಅಪೇಕ್ಷೆ. ಕಮಾನಿಗೆ ಬೇಕಾದುದು ತದ್ವಿರುದ್ಧ ಗುಣ. ಪೈನ್ ರಾಳದ ಬಹುಭಾಗ ಅಬಿಯೆಟಿಕ್ ಮುಂತಾದ ಆಮ್ಲಗಳಿಂದಾದುದು. ಧೂಪಗಳ ರಾಸಾಯನಿಕ ರಚನೆಯೇ ಬೇರೆ. ಸಾಲದ್ದಕ್ಕೆ, ಕಾಡಿನಿಂದ ತಂದ ಧೂಪದಲ್ಲಿ ತೊಗಟೆಯ ಚೂರು, ಮರಳು, ಇರುವೆಯ ಕಾಲು ಎಲ್ಲವೂ ಇರುತ್ತವೆ. ಅವು ಕೂದಲಿಗೆ ಸೇರಿದರೆ ತಂತಿಯನ್ನೂ ಪಿಟೀಲಿನ ಮೈಯನ್ನೂ ಗೀರುತ್ತವೆ. ಹಾಲುಮಡ್ಡಿಯಂತೂ ಜಿಗುಟಾದ ಪಾಕ. ಅದನ್ನು ಒಮ್ಮೆ ಕಮಾನಿಗೆ ಸವರಿದರೆ ಕೂದಲು ಜಡೆಗಟ್ಟುತ್ತದೆ, ಮತ್ತೆ ಹೊಸ ಕೂದಲನ್ನೇ ಕಟ್ಟಿಸಬೇಕಾಗುತ್ತದೆ. ಬಿಲ್ಲೆಯ ಹಣ ಉಳಿಸಲು ಹೋಗಿ ಅದರ ಹಲವು ಪಟ್ಟು ತೆರುವ ದಾರಿ ಇದು.

ಕಮಾನಿನ ಹಾನಿಯನ್ನು ಹಣದಿಂದ ಸರಿಪಡಿಸಬಹುದು. ಮರದ ಹಾನಿ ಹಾಗಲ್ಲ. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ರಬ್ಬರ್ ತೋಟದಲ್ಲಿ ದುಡಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ: ಕತ್ತಿ ಮರದ ಕಟ್ಟಿಗೆಗೆ ತಗುಲಬಾರದು, ಕಾಂಡವನ್ನು ಸುತ್ತ ಬಳಸಬಾರದು, ತೊಗಟೆಗೆ ಮತ್ತೆ ಬೆಳೆಯಲು ಕಾಲ ಕೊಡಬೇಕು. ಕಾಡಿನ ಮರದ ಮೇಲೆ ಅಂಥ ಸಂಯಮ ಕಾಣುವುದು ಅಪರೂಪ. ರಾಳಧೂಪದ ಬುಡಕ್ಕೆ ಆಳವಾದ ಕಚ್ಚು ಹಾಕಿ, ರಸ ಬೇಗ ಇಳಿಯಲೆಂದು ಬುಡಕ್ಕೇ ಬೆಂಕಿ ಕೊಡುವ ಪದ್ಧತಿ ಘಟ್ಟದುದ್ದಕ್ಕೂ ಇತ್ತು. ಹಾಗೆ ಸುಟ್ಟ ಗಾಯ ಮಳೆಗಾಲದಲ್ಲಿ ಶಿಲೀಂಧ್ರಕ್ಕೆ ತೆರೆದ ಬಾಗಿಲು. ಮರ ಒಳಗಿನಿಂದ ಟೊಳ್ಳಾಗಿ ಕೆಲವೇ ವರ್ಷಗಳಲ್ಲಿ ಗಾಳಿಗೆ ಉರುಳುತ್ತದೆ. ತಾನಾಗಿ ಒಸರಿ ಗಟ್ಟಿಯಾದ ಧೂಪವನ್ನು ಆರಿಸಿ ತಂದು ದೇವರ ಮುಂದೆ ಹಾಕುವುದಕ್ಕೂ ಇದಕ್ಕೂ ಅಜಗಜಾಂತರ. ಪಿಟೀಲಿಗೆ ಪ್ರಯೋಜನಕ್ಕೇ ಬಾರದ ವಸ್ತುವಿಗಾಗಿ ಇಂಥ ಮರವೊಂದನ್ನು ಗಾಯಗೊಳಿಸುವುದು ಶುದ್ಧ ಅವಿವೇಕ.

ಹಾಗಾದರೆ ಅಂಗಡಿಯ ಬಿಲ್ಲೆ ಯಾವ ಮರದ್ದು? ಲೋಕದಾದ್ಯಂತ ಕಮಾನಿನ ರಾಳಕ್ಕೆ ಆಧಾರ ಪೈನ್, ಲಾರ್ಚ್ ಮೊದಲಾದ ಸೂಚಿಪರ್ಣ ಮರಗಳು. ಭಾರತದಲ್ಲಿ ಅದರ ಪ್ರಮುಖ ಮೂಲ ಹಿಮಾಲಯದ ತಪ್ಪಲಿನ ಚೀಡ್ ಪೈನ್. ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಮರಕ್ಕೆ ಗೀರು ಹಾಕಿ, ಕೆಳಗೆ ಬಟ್ಟಲು ಕಟ್ಟಿ ರಸ ಸಂಗ್ರಹಿಸುತ್ತಾರೆ. ಅದನ್ನು ಭಟ್ಟಿ ಇಳಿಸಿದರೆ ಟರ್ಪೆಂಟೈನ್ ಆವಿಯಾಗಿ ಬೇರೆಯಾಗುತ್ತದೆ. ಉಳಿಯುವ ಗಟ್ಟಿ ಭಾಗವೇ ರೋಸಿನ್, ಅದು ರಸದ ಸರಿಸುಮಾರು 70 ಪಾಲು. ಮರದಲ್ಲಿ ಉಳಿಯಿಂದ ಆಳವಾದ ಗೂಡು ಕೊರೆದು ಬಟ್ಟಲು ಇಡುವ ಹಳೆಯ ವಿಧಾನ ಬಹುಕಾಲ ನಡೆಯಿತು. ವರ್ಷ ವರ್ಷವೂ ಮೇಲೇರುವ ಆ ಗಾಯದಲ್ಲಿ ರಾಳ ಮೆತ್ತಿಕೊಂಡು ಬೇಸಿಗೆಯ ಕಾಡ್ಗಿಚ್ಚಿಗೆ ಬತ್ತಿಯಂತೆ ಒದಗುತ್ತಿತ್ತು, ಕಾಂಡ ದುರ್ಬಲಗೊಂಡ ಮರಗಳು ಬಿರುಗಾಳಿಗೆ ಮುರಿಯುತ್ತಿದ್ದವು. ಅನಂತರ ತೊಗಟೆಯನ್ನು ಹೆರೆದು ಮೇಲ್ಪದರದಲ್ಲಿ ಸಣ್ಣ ಗೀರುಗಳನ್ನಷ್ಟೇ ಹಾಕಿ, ಆಮ್ಲ ಸಿಂಪಡಿಸಿ ರಸ ಇಳಿಸುವ ವಿಧಾನ ಅದರ ಸ್ಥಾನಕ್ಕೆ ಬಂತು. ಗಾಯ ಇದರಲ್ಲೂ ಉಂಟು, ಆಳ ಕಡಿಮೆ.

ಈ ರಸದೊಂದಿಗೆ ಹೆಣೆದುಕೊಂಡಿರುವ ಚರಿತ್ರೆಯ ಒಂದು ಎಳೆ ಮಲೆನಾಡಿನವರೆಗೂ ಬಂದಿದೆ. 1921ರಲ್ಲಿ ಕುಮಾವೂನಿನ ಜನ ಬ್ರಿಟಿಷರ ಅರಣ್ಯ ನಿರ್ಬಂಧಗಳ ವಿರುದ್ಧ ಎದ್ದಾಗ ಹೊತ್ತಿ ಉರಿದವು ಬಹುಪಾಲು ಈ ಚೀಡ್ ಕಾಡುಗಳೇ. ಸ್ವಾತಂತ್ರ್ಯಾನಂತರ ಗೋಪೇಶ್ವರದಲ್ಲಿ ಚಂಡೀಪ್ರಸಾದ್ ಭಟ್ ಮತ್ತು ಸಂಗಡಿಗರು ದಶೋಲಿ ಗ್ರಾಮ ಸ್ವರಾಜ್ಯ ಸಂಘವನ್ನು ಕಟ್ಟಿದರು; ಸ್ಥಳೀಯರಿಗೆ ಉದ್ಯೋಗವಾಗಲಿ ಎಂದು ರಾಳ–ಟರ್ಪೆಂಟೈನ್ ತಯಾರಿಸುವ ಸಣ್ಣ ಘಟಕವನ್ನೂ ತೆರೆದರು. ಕಣ್ಣೆದುರಿನ ಕಾಡಿನ ರಸ ಅವರಿಗೆ ಸಾಕಷ್ಟು ದೊರೆಯದೆ ಬಯಲಿನ ದೊಡ್ಡ ಕಾರ್ಖಾನೆಯತ್ತ ಹರಿಯುತ್ತಿತ್ತು. 1973ರಲ್ಲಿ ಅದೇ ಸಂಘಕ್ಕೆ ಕೃಷಿ ಉಪಕರಣಗಳಿಗೆಂದು ಕೇಳಿದ ಮರಗಳು ಸಿಗದೆ, ಆಟದ ಸಾಮಗ್ರಿ ತಯಾರಿಸುವ ಕಂಪನಿಗೆ ಮಂಜೂರಾದಾಗ ಮಂಡಲ್ ಗ್ರಾಮದಲ್ಲಿ ಚಿಪ್ಕೋ ಆರಂಭವಾಯಿತು. ಚಿಪ್ಕೋದಲ್ಲಿ ಅಪ್ಪಿಕೊಂಡದ್ದು ಚೀಡ್ ಮರವನ್ನಲ್ಲ; ಆದರೆ ಅಸಮಾಧಾನ ಮಡುಗಟ್ಟಿದ್ದು ರಾಳದ ಹಂಚಿಕೆಯಂಥ ಅನ್ಯಾಯಗಳಿಂದ. ಹತ್ತು ವರ್ಷಗಳ ಬಳಿಕ, 1983ರ ಸೆಪ್ಟೆಂಬರಿನಲ್ಲಿ, ಸೊರಬದ ನೆರೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಕಮಾನಿಗೆ ಉಜ್ಜುವ ಚಿಕ್ಕ ಬಿಲ್ಲೆಯ ಹಿಂದೆ ಇಷ್ಟು ದೂರದ ನಂಟಿದೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಪಿಟೀಲುಗಾರರಿಂದ ಪೈನ್ ಕಾಡು ನಾಶವಾಗುತ್ತಿದೆ ಎಂದರೆ ಅದು ಅತಿಶಯೋಕ್ತಿ. ರೋಸಿನ್‌ನ ಬಹುಪಾಲು ಹೋಗುವುದು ಕಾಗದ, ಅಂಟು, ಬಣ್ಣ, ಮುದ್ರಣದ ಶಾಯಿ ಮುಂತಾದ ಉದ್ಯಮಗಳಿಗೆ. ರೇಡಿಯೋ ರಿಪೇರಿಯವರ ಬೆಸುಗೆಯಲ್ಲೂ ಅದಿದೆ. ವಾದಕನ ಬಿಲ್ಲೆಯ ತೂಕ ಕೆಲವೇ ಗ್ರಾಂ, ಜೋಪಾನ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಅದನ್ನು ಅರಿತು ಆರಿಸಿ, ಪೋಲಾಗದಂತೆ ಬಳಸಿದರೆ ಸಾಕು.

ಆಯ್ಕೆಯ ವಿಚಾರ. ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತವೆ: ಜೇನಿನಂಥ ತಿಳಿಬಣ್ಣದ್ದು ಮತ್ತು ಕಪ್ಪುಗೆಂಪು ಬಣ್ಣದ್ದು. ತಿಳಿಬಣ್ಣದ್ದು ಹೆಚ್ಚು ಗಟ್ಟಿ, ಕಡಿಮೆ ಅಂಟು. ಗಾಢಬಣ್ಣದ್ದು ಮೆದು, ಹಿಡಿತ ಹೆಚ್ಚು. ಇದು ರೂಢಿಯ ಮಾತೇ ಹೊರತು ಕಟ್ಟಳೆಯಲ್ಲ. ಬಣ್ಣ ಒಂದೇ ಇದ್ದರೂ ತಯಾರಕರಿಂದ ತಯಾರಕರಿಗೆ ಪಾಕ ಬದಲಾಗುತ್ತದೆ. ಪಿಟೀಲಿನ ತೆಳು ತಂತಿಗೆ ತಿಳಿಬಣ್ಣದ್ದು ಹೊಂದುತ್ತದೆ. ಚೆಲ್ಲೋದಂಥ ದಪ್ಪ ತಂತಿಯ ವಾದ್ಯಗಳಿಗೆ ಮೆದುವಾದುದು ಬೇಕು. ಎಲ್ಲಕ್ಕಿಂತ ದೊಡ್ಡದಾದ ಡಬಲ್ ಬಾಸಿನ ರಾಳವಂತೂ ಪಿಟೀಲಿಗೆ ಸಲ್ಲದಷ್ಟು ಜಿಗುಟು. ಹವೆಯನ್ನೂ ಗಮನಿಸಬೇಕು. ಸಾಗರ, ಹೊಸನಗರಗಳಷ್ಟು ಮಳೆ ಅಂಬ್ಲಿಗೊಳದ ಸುತ್ತ ಇಲ್ಲವಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ತೇವದಿಂದ ಭಾರವಾಗಿರುತ್ತದೆ. ಏಪ್ರಿಲ್‌ನಲ್ಲಿ ಬಯಲುಸೀಮೆಯ ಸೆಕೆ. ಈ ಎರಡೂ ಕಾಲಗಳಲ್ಲಿ ಮೆದು ರಾಳ ಇನ್ನಷ್ಟು ಜಿಗುಟಾಗಿ ಸ್ವರ ಕರ್ಕಶವಾಗುತ್ತದೆ. ಒಂದೇ ಬಿಲ್ಲೆ ಕೊಳ್ಳುವವರು ಗಟ್ಟಿಯಾದ ತಿಳಿಬಣ್ಣದ್ದನ್ನೇ ಕೊಳ್ಳುವುದು ಮೇಲು. ಮಾಗಿಯ ಒಣಹವೆಯಲ್ಲಿ ಅದು ತುಸು ಜಾರಿದಂತೆನಿಸಿದರೆ ಎರಡು ಎಳೆತ ಹೆಚ್ಚು ಉಜ್ಜಿದರಾಯಿತು.

ಚಿನ್ನ, ಬೆಳ್ಳಿಯ ಪುಡಿ ಬೆರೆಸಿದ ಬಿಲ್ಲೆಗಳೂ ಇವೆ, ಬೆಲೆಯೂ ಅದಕ್ಕೆ ತಕ್ಕಂತೆ. ಕಲಿಯುವವರಿಗೆ ಅವು ಅನಗತ್ಯ. ಅತಿ ಅಗ್ಗದ್ದೂ ಬೇಡ. ಅದು ಹಿಟ್ಟಿನಂತೆ ಉದುರಿ ಕೂದಲಿನ ಮೇಲೆ ನಿಲ್ಲುವುದಿಲ್ಲ. ಬೆಳಕಿಗೆ ಹಿಡಿದಾಗ ಗಾಜಿನಂತೆ ನಿರ್ಮಲವಾಗಿದ್ದು, ಒಳಗೆ ಕಸ ಅಥವಾ ಗುಳ್ಳೆ ಕಾಣದ ಬಿಲ್ಲೆ ಒಳ್ಳೆಯದು. ಗ್ರಂಥಿಗೆ ಅಂಗಡಿಯ ಹೆಂಟೆ ನಿಜವಾಗಿಯೂ ಪೈನ್ ರಾಳವೇ ಆಗಿದ್ದರೂ ಸೋಸದ ಸರಕು ಅದು.

ಬಳಕೆಯಲ್ಲಿ ಮೊದಲ ತೊಡಕು ಹೊಸ ಬಿಲ್ಲೆಯದು. ಅದರ ಮೇಲ್ಮೈ ಎಷ್ಟು ನುಣುಪೆಂದರೆ ಕೂದಲಿಗೆ ಏನೂ ಹತ್ತುವುದಿಲ್ಲ. ‘ಕೆಟ್ಟ ಮಾಲು’ ಎಂದು ಅಂಗಡಿಗೆ ಮರಳಿಸುವವರೂ ಉಂಟು. ಸಣ್ಣ ಕಣದ ಮರಳು ಕಾಗದದಿಂದ ಹಗುರವಾಗಿ ತಿಕ್ಕಿ ಮೇಲೆ ಬಿಳಿಪುಡಿ ಕಾಣಿಸಿದರೆ ಸಾಕು. ಕಮಾನನ್ನು ಬಿಗಿಗೊಳಿಸಿ, ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದು, ಹಿಡಿಯಿಂದ ತುದಿಯವರೆಗೆ ನಿಧಾನವಾಗಿ, ಪೂರ್ತಿ ಉದ್ದಕ್ಕೆ ಎಳೆಯಬೇಕು. ಅವಸರದಿಂದ ಉಜ್ಜಿದರೆ ರಾಳ ಬಿಸಿಯೇರಿ ಕೂದಲಿನ ಮೇಲೆ ಮಿರುಗುವ ಪಟ್ಟೆಯಾಗಿ ನಿಲ್ಲುತ್ತದೆ. ಬಿಲ್ಲೆಯನ್ನು ಆಗಾಗ ತಿರುಗಿಸುತ್ತಿರಬೇಕು. ಇಲ್ಲವಾದರೆ ನಡುವೆ ಕಾಲುವೆ ಬಿದ್ದು ಅದು ಅರ್ಧಕ್ಕೇ ಒಡೆಯುತ್ತದೆ. ಹೊಸ ಕೂದಲಿಗೆ ಹತ್ತಾರು ಎಳೆತ ಬೇಕು. ಬಳಕೆಯಲ್ಲಿರುವ ಕಮಾನಿಗೆ ಅಭ್ಯಾಸಕ್ಕೆ ಮುನ್ನ ನಾಲ್ಕೈದು ಎಳೆತ ಧಾರಾಳ.

ಹೆಚ್ಚು ರಾಳ ಹಚ್ಚಿದರೆ ಹೆಚ್ಚು ನಾದ ಬರುತ್ತದೆಂಬುದು ಕಲಿಯುವವರ ಸಾಮಾನ್ಯ ಭ್ರಮೆ. ಧ್ವನಿವರ್ಧಕ ಬಳಕೆಗೆ ಬರುವ ಮುನ್ನ ದೊಡ್ಡ ಸಭೆಗೆ ಪಿಟೀಲಿನ ನಾದ ಮುಟ್ಟಿಸುವ ಸಮಸ್ಯೆಯನ್ನು ಎದುರಿಸಿದವರಲ್ಲಿ ಒಬ್ಬರು ತಿರುಮಕೂಡಲು ಚೌಡಯ್ಯನವರು (1895–1967). ಅವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೊತೆ ತಂತಿ ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದರು. ನಾದ ಹೆಚ್ಚಬೇಕಾದರೆ ತಂತಿ, ವಾದ್ಯ ಮತ್ತು ಕಮಾನಿನ ಒತ್ತಡದಲ್ಲಿ ಉಪಾಯ ಹುಡುಕಬೇಕು. ರಾಳ ಅತಿಯಾದಾಗ ಸ್ವರದ ಮೇಲೆ ಗರಗರ ಸದ್ದು ಕೂರುತ್ತದೆ, ತಂತಿಯ ಕೆಳಗೆ ಪಿಟೀಲಿನ ಎದೆಯ ಮೇಲೆ ಬಿಳಿಹುಡಿ ಬೀಳುತ್ತದೆ. ಗಮಕದಲ್ಲಿ ಬೆರಳು ಜಾರಬೇಕಾದ ತಂತಿಗೆ ಆ ಹುಡಿ ಮೆತ್ತಿದರೆ ಎಡಗೈಗೂ ತೊಡಕು.

ಆ ಹುಡಿಯನ್ನು ಅಂದಂದೇ ಒಣ ಹತ್ತಿಬಟ್ಟೆಯಿಂದ ತಂತಿ, ಕಮಾನಿನ ಕೋಲು, ಪಿಟೀಲಿನ ಮೈ ಮೂರರಿಂದಲೂ ಒರೆಸಬೇಕು. ಬಿಟ್ಟರೆ ಮೆರುಗಿನೊಡನೆ ಬೆಸೆದುಕೊಂಡು ಮತ್ತೆ ಬಾರದು. ಸ್ಪಿರಿಟ್ ಹಾಕಿ ಒರೆಸುವುದಂತೂ ಕೂಡದು; ಅದು ರಾಳದ ಜೊತೆಗೆ ಮೆರುಗನ್ನೂ ಕರಗಿಸುತ್ತದೆ. ಕೂದಲನ್ನು ಬೆರಳಿನಿಂದ ಮುಟ್ಟಬಾರದು. ತಲೆಗೆ ಎಣ್ಣೆ ಹಚ್ಚಿ ಬಂದ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು. ಎಣ್ಣೆ ತಗುಲಿದ ಕಡೆ ರಾಳ ನಿಲ್ಲುವುದಿಲ್ಲ, ಅಲ್ಲಿ ಸ್ವರ ತಪ್ಪುತ್ತದೆ. ರಾಳದ ಹುಡಿಯಿಂದ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ಬರುವುದುಂಟು. ಅಂಥವರು ತೆರೆದ ಜಗುಲಿಯಲ್ಲಿ ಉಜ್ಜಿಕೊಂಡು ಕೈ ತೊಳೆಯುವುದು ಕ್ಷೇಮ.

ನುಡಿಸಿಯಾದ ಮೇಲೆ ಕಮಾನನ್ನು ಸಡಿಲಿಸಿ ಇಡಬೇಕು. ಕುದುರೆಯ ಕೂದಲು ತೇವಕ್ಕೆ ಉದ್ದವಾಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಆಷಾಢದಲ್ಲಿ ಬಿಗಿದು ಮರೆತ ಕಮಾನಿನ ಕೋಲು ಮಾಗಿಯ ಹೊತ್ತಿಗೆ ಸೊಟ್ಟಗಾಗಿರುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ, ಕೂದಲು ತಿನ್ನುವ ಹುಳುವೂ ಸೇರುತ್ತದೆ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಬಿಲ್ಲೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಪಿಟೀಲಿನ ಅಂಟಿಗೂ ಅದು ಒಳ್ಳೆಯದಲ್ಲ. ಬಿಸಿಲಿಲ್ಲದ ಒಣ ಕೋಣೆಯಲ್ಲಿಟ್ಟು, ವಾರಕ್ಕೊಮ್ಮೆಯಾದರೂ ಪೆಟ್ಟಿಗೆ ತೆರೆದು ಗಾಳಿಯಾಡಿಸುವುದೇ ಉಪಾಯ.

ಇನ್ನು ಬಿಲ್ಲೆ ಕೈಜಾರಿ ಬಿದ್ದರೆ ಗಾಜಿನಂತೆ ಚೂರಾಗುತ್ತದೆ. ಚೂರುಗಳನ್ನು ಎಸೆಯಬೇಕಾಗಿಲ್ಲ. ಮಣ್ಣು ತಗುಲಿದವನ್ನು ಬೇರ್ಪಡಿಸಿ, ಉಳಿದವನ್ನು ಸಣ್ಣ ತಗಡಿನ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯೊಳಗೆ ಇಟ್ಟರೆ ನಿಧಾನವಾಗಿ ಮೆತ್ತಗಾಗಿ ಒಂದುಗೂಡುತ್ತವೆ. ನೇರ ಉರಿಯ ಮೇಲೆ ಇಡಬಾರದು. ರಾಳ ಹೊತ್ತಿಕೊಂಡರೆ ನೀರಿನಿಂದ ಆರುವುದಿಲ್ಲ, ಹರಡುತ್ತದೆ. ಮಕ್ಕಳು ಈ ಕೆಲಸಕ್ಕೆ ಕೈಹಾಕದೆ ದೊಡ್ಡವರು ಅಂಗಳದಲ್ಲಿ ಮಾಡಬೇಕು, ಆವಿಯನ್ನು ಮೂಸಬಾರದು. ಬೆಂಕಿಪೆಟ್ಟಿಗೆಯ ಒಳಗೂಡಿಗೆ ಬೇಕರಿಯ ಮೇಣಕಾಗದ ಹಾಸಿ ಅದಕ್ಕೆ ಹೊಯ್ದು, ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ಬೆಳಿಗ್ಗೆ ಹೊಸ ಬಿಲ್ಲೆ ಸಿದ್ಧ. ಮರಳು ಕಾಗದದಿಂದ ಒಮ್ಮೆ ತಿಕ್ಕಿ ಬಳಸಬಹುದು.